ಫ್ರಾಂಕೋನಿಯಾದ ಬಿಯರ್ ಹಳ್ಳಿಗಳಿಗೆ ಗೆಳೆಯರೊಡನೆ ಎರಡು ದಿನದ ಪ್ರವಾಸ

ಜರ್ಮನಿಯ ಬಿಯರ್ ಎಂದೊಡನೆ ಮ್ಯೂನಿಕ್ ನಗರದ ಅಕ್ಟೋಬರ್‌ಫೆಸ್ಟ್ ನೆನಪಿಗೆ ಬರುವುದು ಸಹಜ. ಆದರೆ ಬಿಯರನ್ನು ಅದು ತಯಾರಾದ ಮನೆಯಲ್ಲಿಯೇ ಕುಳಿತು ಸವಿಯಬೇಕೆನ್ನುವವರು ಹೋಗಬೇಕಾದದ್ದು ಬವೇರಿಯಾದ ಉತ್ತರ ಭಾಗವಾದ ಫ್ರಾಂಕೋನಿಯಾಕ್ಕೆ. ಅಲ್ಲಿನ ಓಬರ್‌ಫ್ರಾಂಕನ್ ಎಂಬ ಒಂದೇ ಆಡಳಿತ ವಿಭಾಗದಲ್ಲಿ 150ರ ಆಸುಪಾಸಿನಷ್ಟು ಬ್ರೂವರಿಗಳಿದ್ದು, ಅವುಗಳಲ್ಲಿ ಹೆಚ್ಚಿನವು ಕುಟುಂಬಗಳ ಒಡೆತನದಲ್ಲಿವೆ ಮತ್ತು ತಯಾರಿಸಿದ ಬಿಯರಿನ ದೊಡ್ಡ ಪಾಲನ್ನು ತಮ್ಮದೇ ಊಟದ ಮನೆಯಲ್ಲಿ ಮಾರುತ್ತವೆ. ನ್ಯೂರೆಂಬರ್ಗ್, ಎರ್ಲಾಂಗೆನ್ ನಗರಗಳಲ್ಲಿ ಕೆಲಸಕ್ಕಾಗಿ ನೆಲೆಸಿರುವ ಕನ್ನಡಿಗರಿಗೆ ಇದು ಹೆಚ್ಚೆಂದರೆ ಒಂದು ಗಂಟೆಯ ದಾರಿ.

ಯಾವ ಬಿಯರ್ ಎಂಬುದನ್ನು ನಿರ್ಧರಿಸುವ ಮೊದಲು ಯಾರು ಯಾವಾಗ ಕಾರು ನಡೆಸುತ್ತಾರೆ ಎಂಬುದನ್ನು ನಿರ್ಧರಿಸಬೇಕು. ಜರ್ಮನಿಯಲ್ಲಿ ಚಾಲಕನ ರಕ್ತದಲ್ಲಿ ಮದ್ಯಸಾರದ ಮಿತಿ ಸಾವಿರಕ್ಕೆ 0.5, ಅದನ್ನು ಮೀರಿ ಮೊದಲ ಸಲ ಸಿಕ್ಕಿಬಿದ್ದರೆ 500 ಯೂರೋ ದಂಡ, ಒಂದು ತಿಂಗಳ ಚಾಲನಾ ನಿಷೇಧ ಮತ್ತು ಚಾಲನಾ ದಾಖಲೆಯಲ್ಲಿ ಎರಡು ದಂಡಾಂಕಗಳ ಕಪ್ಪುಚುಕ್ಕೆ. ಭಾರತದ ಮಿತಿಯಾದ 100 ಮಿಲಿಲೀಟರಿಗೆ 30 ಮಿಲಿಗ್ರಾಂಗೆ, ಅಂದರೆ ಸಾವಿರಕ್ಕೆ ಸುಮಾರು 0.3ಕ್ಕೆ, ಹೋಲಿಸಿದರೆ ಇದು ಸಡಿಲವೆಂದು ಕಂಡರೂ, ಅಪಘಾತವಾದರೆ ಅಥವಾ ಚಾಲನೆ ತಪ್ಪುತ್ತಿರುವುದು ಕಂಡುಬಂದರೆ 0.3ರಿಂದಲೇ ಶಿಕ್ಷೆಗೆ ಗುರಿಯಾಗಬಹುದು. ಪರವಾನಗಿಯ ಮೊದಲ ಎರಡು ವರ್ಷಗಳ ಪರೀಕ್ಷಾವಧಿಯಲ್ಲಿರುವವರು ಮತ್ತು 21 ತುಂಬದವರು ಒಂದು ಗುಟುಕನ್ನೂ ಕುಡಿದು ಚಾಲಕನ ಸೀಟಿಗೆ ಹೋಗುವಂತಿಲ್ಲ.

ಗುಂಪುಗಳು ಎಡವುವುದು ಸಾಮಾನ್ಯವಾಗಿ ಶನಿವಾರ ರಾತ್ರಿಯಲ್ಲ, ಭಾನುವಾರ ಬೆಳಿಗ್ಗೆ. ಶೇಕಡಾ 5ರ ಬಿಯರಿನ ಅರ್ಧ ಲೀಟರಿನಲ್ಲಿ ಸುಮಾರು 20 ಗ್ರಾಂ ಮದ್ಯಸಾರವಿರುತ್ತದೆ. 70 ಕಿಲೋ ತೂಕದ ಗಂಡಸಿನಲ್ಲಿ ಅದು ರಕ್ತದ ಮಟ್ಟವನ್ನು 0.4ರಷ್ಟು ಏರಿಸಬಲ್ಲದು, ಹೆಂಗಸರಲ್ಲಿ ಇನ್ನೂ ಹೆಚ್ಚು. ಇಳಿಕೆ ಮಾತ್ರ ಗಂಟೆಗೆ 0.1ರಿಂದ 0.15ರಷ್ಟು ನಿಧಾನ. ಸಂಜೆ ಆರರಿಂದ ಹನ್ನೊಂದರವರೆಗೆ ಐದು ಅರ್ಧ ಲೀಟರ್ ಕುಡಿದವನು ಸೊಗಸಾಗಿ ನಿದ್ದೆ ಮಾಡಿ, ಸ್ನಾನ ಮುಗಿಸಿ, ಕಾಫಿ ಕುಡಿದು ಒಂಬತ್ತಕ್ಕೆ ಕೀಲಿ ಕೈಗೆತ್ತಿಕೊಂಡಾಗಲೂ ಮಿತಿಯ ಅಂಚಿನಲ್ಲಿಯೇ ಇರಬಹುದು. ಆದುದರಿಂದ ಇಬ್ಬರು ಚಾಲಕರನ್ನು ಗೊತ್ತುಮಾಡುವುದು ಒಳ್ಳೆಯದು. ಮೊದಲನೆಯವರು ಶನಿವಾರ ಹಗಲಿಡೀ ಮುಟ್ಟದೆ, ಕಾರು ರಾತ್ರಿಯ ತಂಗುದಾಣ ಸೇರಿದ ಮೇಲೆ ಕುಡಿಯಲಿ. ಎರಡನೆಯವರು ಶನಿವಾರ ಹಗಲಿನಲ್ಲಿ ಒಂದೆರಡು ಲೋಟ ಕುಡಿದು, ಸಂಜೆ ಐದಕ್ಕೆ ನಿಲ್ಲಿಸಿ, ಭಾನುವಾರ ಮನೆ ಮುಟ್ಟುವವರೆಗೆ ಆಪೆಲ್‌ಶೋರ್ಲೆ ಎಂಬ ಸೋಡಾ ಬೆರೆಸಿದ ಸೇಬಿನ ರಸದಲ್ಲಿ ತೃಪ್ತಿಪಡಲಿ. ಹೀಗೆ ಯಾರೂ ಎರಡೂ ದಿನ ಒಣಗಂಟಲಿನಲ್ಲಿ ಕುಳಿತು ಉಳಿದವರ ನಗುವನ್ನು ಸಹಿಸಬೇಕಾಗಿಲ್ಲ.

ಶನಿವಾರದ ಗುರಿ ಔಫ್‌ಸೆಸ್. ಆಗ ಸುಮಾರು 1,500 ಜನವಸತಿಯಿದ್ದ ಈ ಪುಟ್ಟ ಪಂಚಾಯಿತಿಯ ವ್ಯಾಪ್ತಿಯಲ್ಲಿ ನಾಲ್ಕು ಬ್ರೂವರಿಗಳಿದ್ದವೆಂದು, ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚೆಂದು, 2000ದಲ್ಲಿ ಗಿನ್ನೆಸ್ ದಾಖಲೆಯಾಯಿತು. ಇವುಗಳನ್ನು ಸೇರಿಸುವ ಸುಮಾರು 14 ಕಿಲೋಮೀಟರಿನ ಕಾಲುದಾರಿ ಹೊಲ, ಕಾಡುಗಳ ನಡುವೆ ಸಾಗುತ್ತದೆ. ಕಾರನ್ನು ಊರಿನಲ್ಲಿ ನಿಲ್ಲಿಸಿ ಬೆಳಿಗ್ಗೆ ಹತ್ತೂವರೆಯ ಒಳಗೆ ನಡಿಗೆ ಆರಂಭಿಸಿದರೆ ಸಂಜೆಗೆ ಸುತ್ತು ಮುಗಿಯುತ್ತದೆ. ಔಫ್‌ಸೆಸ್‌ನ ರೋಟನ್‌ಬಾಖ್, ಹೋಖ್‌ಸ್ಟಾಲ್‌ನ ರೈಖೋಲ್ಡ್, ಹೆಕ್ಕನ್‌ಹೋಫ್‌ನ ಕಾಥಿ ಬ್ರಾಯ್ ಈ ದಾರಿಯ ಮುಖ್ಯ ತಾಣಗಳು. ಕಾಥಿ ಬ್ರಾಯ್ ಅಂಗಳದಲ್ಲಿ ಒಳ್ಳೆಯ ಬಿಸಿಲಿನ ದಿನ ಮೋಟರ್‌ಸೈಕಲ್ ಸವಾರರ ದಂಡೇ ನೆರೆದಿರುವುದರಿಂದ ಅಲ್ಲಿಗೆ ಮಧ್ಯಾಹ್ನದ ಊಟದ ಹೊತ್ತನ್ನು ತಪ್ಪಿಸಿ ಹೋಗುವುದು ಲೇಸು. ಹಳ್ಳಿಯ ಬ್ರೂವರಿಗಳಿಗೆ ವಾರದ ರಜೆಯೂ, ವರ್ಷಕ್ಕೊಮ್ಮೆ ಕೆಲವು ವಾರಗಳ ರಜೆಯೂ ಇರುತ್ತವೆಯಾದ್ದರಿಂದ, ಹೊರಡುವ ಮೊದಲು ಪ್ರತಿಯೊಂದಕ್ಕೂ ಫೋನ್ ಮಾಡಿ ವಿಚಾರಿಸಬೇಕು.

ಸಂಜೆ ಸುಮಾರು 30 ಕಿಲೋಮೀಟರ್ ದೂರದ ಬಾಮ್‌ಬೆರ್ಗ್ ನಗರಕ್ಕೆ ಬಂದು ಅಲ್ಲಿಯೇ ತಂಗಬೇಕು. 1993ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಹಳೆಯ ಊರಿನಲ್ಲಿ ಕಾರಿನ ಅಗತ್ಯವೇ ಇಲ್ಲ. ಇಲ್ಲಿನ ವಿಶೇಷ ರೌಖ್‌ಬಿಯರ್. ಮೊಳಕೆ ಬರಿಸಿದ ಬಾರ್ಲಿಯನ್ನು ಬೀಚ್ ಮರದ ಬೆಂಕಿಯ ಮೇಲೆ ಒಣಗಿಸುವುದರಿಂದ ಹೊಗೆಯ ವಾಸನೆ ಕಾಳಿಗೆ ಹಿಡಿದು, ಅಲ್ಲಿಂದ ಬಿಯರಿಗೆ ಇಳಿಯುತ್ತದೆ. ಕಲ್ಲಿದ್ದಲು ಮತ್ತು ಬಿಸಿಗಾಳಿಯ ಒಲೆಗಳು ಬಂದ ಮೇಲೆ ಉಳಿದೆಡೆ ಈ ವಾಸನೆ ಮಾಯವಾಯಿತು. ಶ್ಲೆಂಕರ್ಲಾ ಮತ್ತು ಶ್ಪೆಟ್ಸಿಯಾಲ್ ಎಂಬ ಎರಡು ಬ್ರೂವರಿಗಳು ಇಲ್ಲಿ ಹಳೆಯ ಕ್ರಮವನ್ನು ಬಿಡಲಿಲ್ಲ. ಶ್ಲೆಂಕರ್ಲಾದ ಹೆಸರು ದೊಡ್ಡದು, ಹೊಗೆಯೂ ಗಾಢವಾದದ್ದು. ಮೊದಲ ಸಲ ಬರುವವರು ಹದವಾಗಿ ಹೊಗೆಯಾಡುವ ಶ್ಪೆಟ್ಸಿಯಾಲ್‌ನಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸುಟ್ಟ ಬದನೆಕಾಯಿಯ ಗೊಜ್ಜನ್ನು ಇಷ್ಟಪಡುವ ನಾಲಿಗೆಗೆ ಈ ರುಚಿ ಅಪರಿಚಿತವೆನಿಸದು. ಶ್ಪೆಟ್ಸಿಯಾಲ್‌ನ ಎದುರು ಬದಿಯಲ್ಲೇ ಫೆಸ್ಲಾ ಬ್ರೂವರಿ ಇದೆ. ಹೊಗೆ ಒಗ್ಗದ ಗೆಳೆಯರನ್ನು ಅಲ್ಲಿಗೆ ಕಳುಹಿಸಬಹುದು. ಭಾನುವಾರ ಹೊತ್ತಿದ್ದರೆ ವುಂಡರ್‌ಬುರ್ಗ್ ಬಡಾವಣೆಯ ಮಾರ್ಸ್ ಬ್ರಾಯ್‌ಗೆ ನಡೆದುಹೋಗಿ, ‘ಊ’ ಎಂಬ ಒಂದೇ ಅಕ್ಷರ ಹೇಳಿದರೆ ಸಾಕು, ಸೋಸದ, ಅನಿಲ ಕಡಿಮೆಯಿರುವ ಅವರ ಪ್ರಸಿದ್ಧ ಬಿಯರ್ ಬರುತ್ತದೆ.

ಸಸ್ಯಾಹಾರಿಗಳು ಮುಂಚಿತವಾಗಿ ಯೋಚಿಸಿಕೊಳ್ಳುವುದು ಒಳಿತು. ಇಲ್ಲಿನ ಅಡುಗೆ ಹಂದಿಮಾಂಸದ ಸುತ್ತ ಬೆಳೆದದ್ದು. ಬಾಮ್‌ಬೆರ್ಗಿನ ಹೆಸರಾಂತ ಈರುಳ್ಳಿಯ ಹೊಟ್ಟೆಯಲ್ಲಿಯೂ ಕೊಚ್ಚಿದ ಮಾಂಸವಿರುತ್ತದೆ, ಆಲೂಗಡ್ಡೆಯ ಉಂಡೆಗಳ ಮೇಲೆ ಸುರಿಯುವ ಸಾರೂ ಮಾಂಸದ್ದೇ. ಗೆರುಪ್ಫ್‌ಟರ್ ಎಂಬ ಮಸಾಲೆ ಬೆರೆಸಿದ ಚೀಸ್, ಬ್ರೆಡ್ಡು, ಚೀಸ್ ಹಾಕಿದ ಶ್ಪೆಟ್ಸ್‌ಲೆ (ಮೊಟ್ಟೆ ಬೆರೆಸಿದ ಹಿಟ್ಟಿನ ನೂಡಲ್) ಇವು ನಂಬಿಕೆಯ ತಿನಿಸುಗಳು. ಆದರೆ ಬೇಸಿಗೆಯಲ್ಲಿ ಇದಕ್ಕಿಂತ ಸುಲಭದ ದಾರಿಯೊಂದಿದೆ. ಹಿಂದೆ ಬಿಯರನ್ನು ತಂಪಾಗಿರಿಸಲು ಗುಡ್ಡಗಳಲ್ಲಿ ನೆಲಮಾಳಿಗೆ ಕೊರೆದು, ಮೇಲೆ ನೆರಳಿಗೆ ಮರ ಬೆಳೆಸುತ್ತಿದ್ದರು. ಆ ಮರಗಳ ಕೆಳಗಿನ ಬೆಂಚುಗಳೇ ಇಂದಿನ ಕೆಲ್ಲರ್‌ಗಳು. ಅನೇಕ ಕೆಲ್ಲರ್‌ಗಳಲ್ಲಿ ಪಾನೀಯ ಅಲ್ಲಿಯೇ ಕೊಂಡರೆ ಊಟವನ್ನು ಮನೆಯಿಂದ ತರಬಹುದು. ಚಪಾತಿ, ಪಲ್ಯ, ಚಿತ್ರಾನ್ನದ ಡಬ್ಬಿ ಬಿಚ್ಚುವ ಮುನ್ನ ಒಮ್ಮೆ ಕೇಳಿಕೊಂಡರೆ ಸಾಕು.

ಕೆಲವು ರೀತಿನೀತಿಗಳು ತಿಳಿದಿರಲಿ. ಕೈಯಲ್ಲಿ ನಗದು ಇರಬೇಕು. ಹಳ್ಳಿಗಳಲ್ಲಿ ಕಾರ್ಡ್ ನಡೆಯದಿರಬಹುದು. ಅಪರಿಚಿತರ ಮೇಜಿನಲ್ಲಿ ಜಾಗ ಕೇಳಿ ಕೂರುವುದು ವಾಡಿಕೆ, ಆದರೆ ಶ್ಟಾಮ್‌ಟಿಶ್ ಎಂಬ ಫಲಕವಿರುವ ಮೇಜು ಊರಿನ ನಿತ್ಯ ಗಿರಾಕಿಗಳದ್ದು. ಅರ್ಧ ಲೀಟರಿಗೆ ಝೈಡ್ಲಾ ಎನ್ನಬೇಕು. ಕೊನೆಯಲ್ಲಿ ಪೂರ್ತಿ ಲೋಟ ಬೇಡವಾದರೆ ಶ್ನಿಟ್ ಕೇಳಿದರೆ ಅರೆ ಲೋಟ ಸಿಗುತ್ತದೆ.

ಮರಳುವಾಗ ಎ73 ಹೆದ್ದಾರಿಯ ಪಕ್ಕದ ಬುಟ್ಟನ್‌ಹೈಮ್‌ನಲ್ಲಿ ನಿಲ್ಲಬಹುದು. ಜೀನ್ಸ್ ಖ್ಯಾತಿಯ ಲೀವೈ ಸ್ಟ್ರಾಸ್ 1829ರಲ್ಲಿ ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯವಾಗಿದ್ದು, ಅದೇ ಊರಿನಲ್ಲಿ ಸೇಂಟ್ ಗೇಯೋರ್ಗನ್ ಬ್ರಾಯ್ ತನ್ನ ಸೋಸದ ಕೆಲ್ಲರ್‌ಬಿಯರಿಗೆ ಹೆಸರಾಗಿದೆ. ಮನೆಗೆ ಒಯ್ಯುವುದಾದರೆ 20 ಬಾಟಲಿಗಳ ಕ್ರೇಟ್ ಕೊಳ್ಳುವುದು ಅಗ್ಗ. ಸಾಮಾನ್ಯ ಬಿಯರ್ ಬಾಟಲಿಗೆ 8 ಸೆಂಟ್, ಖಾಲಿ ಕ್ರೇಟಿಗೆ 1.50 ಯೂರೋ, ಒಟ್ಟು 3.10 ಯೂರೋ ಠೇವಣಿಯನ್ನು ಬೆಲೆಯ ಮೇಲೆ ಸೇರಿಸುತ್ತಾರೆ, ಹಿಂದಿರುಗಿಸಿದಾಗ ಕೊಡುತ್ತಾರೆ. ಸೋಸದ ಬಿಯರ್ ಬಿಸಿಗೆ ಬೇಗ ಕೆಡುವುದರಿಂದ ಕ್ರೇಟನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡದೆ, ಊರು ಬಿಡುವ ಕೊನೆಯ ಗಳಿಗೆಯಲ್ಲಿ ಕೊಳ್ಳಬೇಕು.