ಉದ್ಯೋಗ ಬಿಟ್ಟು ನರ್ಮದಾ ಪರಿಕ್ರಮಕ್ಕೆ ಹೊರಡುವ ಮುನ್ನ

ನರ್ಮದಾ ನದಿಯನ್ನು ಎರಡೂ ದಡಗಳಲ್ಲಿ ಕಾಲ್ನಡಿಗೆಯಲ್ಲಿ ಸುತ್ತಿ ಬರುವ ವ್ರತವಾದ ನರ್ಮದಾ ಪರಿಕ್ರಮ ಮಾಡಬೇಕೆಂದು ನಿಶ್ಚಯಿಸಿದವರು ಸಾಮಾನ್ಯವಾಗಿ ಮೊದಲು ರಾಜೀನಾಮೆ ಕೊಡುತ್ತಾರೆ, ಅನಂತರ ನಡಿಗೆಯ ಅಭ್ಯಾಸಕ್ಕೆ ತೊಡಗುತ್ತಾರೆ, ಮನೆಯ ಖರ್ಚುವೆಚ್ಚದ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಶಿವಮೊಗ್ಗದ ಒಂದು ಖಾಸಗಿ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ 18 ವರ್ಷ ದುಡಿದು, 47ನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟು, ಆ ನದಿಯನ್ನು ಸುತ್ತಿ ಬಂದ ಮೇಲೆ ನನಗೆ ಖಚಿತವಾಗಿರುವುದೆಂದರೆ, ಈ ಕ್ರಮ ಪೂರ್ತಿ ತಿರುಗಬೇಕು. ಮನೆಯ ಲೆಕ್ಕ ಮೊದಲು ಆಗಬೇಕು, ಕಾಲಿನ ಅಭ್ಯಾಸ ಅದರ ಜೊತೆಜೊತೆಗೇ ಸಾಗಬೇಕು, ಇವೆರಡೂ ಒಂದು ಹದಕ್ಕೆ ಬಂದ ಮೇಲಷ್ಟೇ ರಾಜೀನಾಮೆ ಪತ್ರ ಬರೆಯಬೇಕು. ಮನೆಯವರ ತಲೆಯ ಮೇಲೆ ಸಾಲ ಹೊರಿಸಿ ದಡದಲ್ಲಿ ನಡೆಯುವವನ ಮನಸ್ಸು ನದಿಯ ಮೇಲೆ ನಿಲ್ಲುವುದಿಲ್ಲ.

ಸಿದ್ಧತೆಯೆಲ್ಲವೂ ವ್ರತದ ನಿಯಮಗಳನ್ನೇ ಅವಲಂಬಿಸಿರುವುದರಿಂದ ಅವುಗಳನ್ನು ಮೊದಲು ಹೇಳುತ್ತೇನೆ. ಅಮರಕಂಟಕದಲ್ಲಿ ಹುಟ್ಟಿ ಭರೂಚ್ ಆಚೆ ಖಂಭಾತ್ ಕೊಲ್ಲಿಯನ್ನು ಸೇರುವ ನರ್ಮದೆಯ ಉದ್ದ 1,312 ಕಿ.ಮೀ. ಎರಡೂ ದಡಗಳನ್ನು ನಡೆಯಬೇಕಾದ್ದರಿಂದ ಲೆಕ್ಕಕ್ಕೆ 2,624 ಕಿ.ಮೀ. ಆದರೂ, ಅಣೆಕಟ್ಟುಗಳ ಹಿನ್ನೀರನ್ನು ಬಳಸಿಕೊಂಡು ಹೋಗಬೇಕಾಗಿರುವುದರಿಂದ ನಿಜವಾದ ನಡಿಗೆ 3,000 ಕಿ.ಮೀ. ದಾಟುತ್ತದೆ. ನದಿ ಸದಾ ಬಲಗಡೆಗೆ ಇರಬೇಕು. ಉಪನದಿಗಳನ್ನು ದಾಟಬಹುದಾದರೂ ನರ್ಮದೆಯನ್ನು ಎಲ್ಲಿಯೂ ದಾಟಕೂಡದು. ಸಮುದ್ರ ಸೇರುವಲ್ಲಿ ಮಾತ್ರ, ದಕ್ಷಿಣ ದಡದ ವಿಮಲೇಶ್ವರದ ಕಡೆಯಿಂದ ಉತ್ತರ ದಡದ ಮೀಠಿ ತಲಾಯಿಗೆ ದೋಣಿಯಲ್ಲಿ ಹೋಗುವುದು ರೂಢಿ, ಮತ್ತು ಆ ದೋಣಿ ಸಮುದ್ರದ ಉಬ್ಬರವನ್ನು ಕಾಯುವುದರಿಂದ ಅಲ್ಲಿ ಒಂದೆರಡು ದಿನ ತಡವಾದರೆ ಗಾಬರಿಯಾಗಬಾರದು. ಸಂಪ್ರದಾಯದ ಪ್ರಕಾರ ಪರಿಕ್ರಮದ ಅವಧಿ 3 ವರ್ಷ, 3 ತಿಂಗಳು, 13 ದಿನ. ದಿನಕ್ಕೆ 20ರಿಂದ 25 ಕಿ.ಮೀ. ನಡೆಯುವ ಗೃಹಸ್ಥರಿಗೆ, ನಡುನಡುವೆ ವಿಶ್ರಾಂತಿ ಸೇರಿಸಿ, ಐದು ತಿಂಗಳು ಬೇಕಾಗುತ್ತದೆ.

ಚಾತುರ್ಮಾಸ್ಯದಲ್ಲಿ ಪರಿಕ್ರಮವಾಸಿಗಳು ಒಂದೇ ಕಡೆ ನಿಲ್ಲುತ್ತಾರೆ. ಕಾರ್ತಿಕ ಶುದ್ಧ ಏಕಾದಶಿಯ ಅನಂತರ, ಅಂದರೆ ನಮ್ಮ ಮನೆಗಳಲ್ಲಿ ನೆಲ್ಲಿಯ ಕೊಂಬೆ ನೆಟ್ಟು ತುಳಸಿ ಪೂಜೆ ಮಾಡುವ ಉತ್ಥಾನ ದ್ವಾದಶಿಯ ಹೊತ್ತಿಗೆ, ಹೊಸ ಸಂಕಲ್ಪಗಳು ಆರಂಭವಾಗುತ್ತವೆ. ಅದಕ್ಕಿಂತ ಬಹಳ ತಡಮಾಡಿದರೆ ಏಪ್ರಿಲ್ ತಿಂಗಳ ಮಧ್ಯಪ್ರದೇಶದ ಬಿಸಿಲು ನಿಮ್ಮ ಪಾಲಿಗೆ ಬರುತ್ತದೆ. ಆದರೆ ಮಲೆನಾಡಿನವರಿಗೆ ಇದೇ ಕಾಲ ಅಡಿಕೆಯ ಕೊನೆಕೊಯ್ಲಿನ ಕಾಲವೂ ಹೌದು. ತೋಟವಿದ್ದವರು ಈ ಒಂದು ವರ್ಷದ ಮಟ್ಟಿಗೆ ಫಸಲನ್ನು ಚೇಣಿಗೆ, ಅಂದರೆ ಮರದ ಮೇಲಿರುವಾಗಲೇ ಗುತ್ತಿಗೆಗೆ, ಕೊಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಸುಲಿಸಿ, ಬೇಯಿಸಿ, ಒಣಗಿಸಿ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಗಬಹುದು. ಆದರೆ ಆ ಹೊಣೆಯನ್ನು ಹೆಂಡತಿಯ ಅಥವಾ ವಯಸ್ಸಾದ ತಂದೆಯ ಮೇಲೆ ಬಿಟ್ಟು ಹೋದರೆ ಪ್ರತಿ ಸಂಜೆ ಫೋನಿನಲ್ಲಿ ಅಂಗಳದ ಅಡಿಕೆಯದೇ ಮಾತಾಗುತ್ತದೆ. ಚೇಣಿಯ ಮಾತುಕತೆಯನ್ನು ಗಣೇಶನ ಹಬ್ಬದೊಳಗೆ ಮುಗಿಸಿ, ಮುಂಗಡ ಮತ್ತು ಬಾಕಿ ಹಣದ ದಿನಾಂಕಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಮನೆಯ ಲೆಕ್ಕ ಮತ್ತು ಕಚೇರಿಯ ಲೆಕ್ಕ

ಕೆಲಸ ಬಿಡುವ ಮುನ್ನ ಸಂಬಳವಿಲ್ಲದ ರಜೆಯನ್ನು ಒಮ್ಮೆ ಕೇಳಿ ನೋಡಿ. ಸಿಕ್ಕರೆ ಬಹಳಷ್ಟು ತೊಡಕು ತಪ್ಪುತ್ತದೆ. ನನಗೆ ಸಿಗಲಿಲ್ಲ. ಬಿಡುವುದೇ ನಿಶ್ಚಯವಾದರೆ, ಹಿಂದಿನ ಹನ್ನೆರಡು ತಿಂಗಳ ಮನೆಖರ್ಚನ್ನು ದಿನಸಿ, ಹಾಲು, ಶಾಲೆಯ ಶುಲ್ಕ, ಔಷಧಿ, ಸಾಲದ ಕಂತು, ಮದುವೆ-ಮುಂಜಿಯ ಉಡುಗೊರೆ ಎಂದು ಬಿಡಿಬಿಡಿಯಾಗಿ ಒಂದು ನೋಟ್‌ಪುಸ್ತಕದಲ್ಲಿ ಬರೆಯಿರಿ. ನಡಿಗೆ ಐದು ತಿಂಗಳದ್ದಾದರೂ, ಮುಂಚಿನ ಅಭ್ಯಾಸದ ಮೂರು ತಿಂಗಳು ಮತ್ತು ಮರಳಿ ಬಂದು ಬೇರೆ ಕೆಲಸ ಹುಡುಕುವ ಕಾಲ ಸೇರಿದರೆ ಒಂದು ವರ್ಷವೇ ಆಗುತ್ತದೆ. ಆ ಒಂದು ವರ್ಷದ ಖರ್ಚು, ಕೆಲಸ ಬಿಡುವಾಗ ಸಂಸ್ಥೆ ಕೊಡುವ ಗ್ರ್ಯಾಚುಟಿ ಮತ್ತು ಭವಿಷ್ಯನಿಧಿಯನ್ನು (ಪಿಎಫ್) ಲೆಕ್ಕಕ್ಕೆ ಹಿಡಿಯದೆ, ಮನೆಯವರು ಸ್ವತಃ ತೆಗೆಯಬಲ್ಲ ಖಾತೆಯಲ್ಲಿ ಇರಬೇಕು. ನಮ್ಮ ಮನೆಯಲ್ಲಿ ಅಷ್ಟು ಹಣ ಕೂಡಿಸಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷವನ್ನು ನಾನು ಪರಿಕ್ರಮದ ಭಾಗವೆಂದೇ ತಿಳಿಯುತ್ತೇನೆ.

ಕಾಯಂ ಉದ್ಯೋಗಿಗೆ ಐದು ವರ್ಷ ಸತತ ಸೇವೆಯಾದ ಮೇಲೆ ಗ್ರ್ಯಾಚುಟಿಯ ಹಕ್ಕು ಬರುತ್ತದೆ. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಆ ಮೊತ್ತ 26,000 ರೂಪಾಯಿ ಮತ್ತು ಸೇವೆ 18 ವರ್ಷವಾಗಿದ್ದರೆ 2,70,000 ರೂಪಾಯಿ ಆಗುತ್ತದೆ. ಭವಿಷ್ಯನಿಧಿಯನ್ನು ತೆಗೆಯುವ ಆತುರ ಬೇಡ, ಆದರೆ ಅದರ ದಾಖಲೆಗಳನ್ನು ಹೊರಡುವ ಮುನ್ನವೇ ಸರಿಪಡಿಸಿಕೊಳ್ಳಬೇಕು: ನಾಮನಿರ್ದೇಶನ ಆಗಿದೆಯೇ, ಆಧಾರ್‌ನಲ್ಲಿರುವ ಹೆಸರಿಗೂ ಖಾತೆಯ ಹೆಸರಿಗೂ ತಾಳೆಯಿದೆಯೇ, ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯೇ ಎಂದು ನೋಡಬೇಕು. ನನ್ನ ವಿಷಯದಲ್ಲಿ ಕಚೇರಿಯವರು ಆ ದಿನಾಂಕವನ್ನು ನಮೂದಿಸಿರಲಿಲ್ಲ. ನಾನು ಬಿಡುಗಡೆ ಪತ್ರವನ್ನು ಕೈಯಲ್ಲಿ ಹಿಡಿದು ಎಲ್ಲವೂ ಮುಗಿಯಿತೆಂದುಕೊಂಡಿದ್ದೆ. ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳಾದ ಮೇಲೆ ಸದಸ್ಯರೇ ಆಧಾರ್ ಒಟಿಪಿಯ ಮೂಲಕ ಅದನ್ನು ನಮೂದಿಸಲು ಅವಕಾಶವಿದೆ. ಆದರೆ ಒಟಿಪಿ ಬರಬೇಕಾದ ಫೋನು ದಟ್ಟ ಕಾಡಿನ ದಾರಿಯಲ್ಲಿದ್ದರೆ ಆ ಅವಕಾಶದಿಂದ ಪ್ರಯೋಜನವಿಲ್ಲ.

ಆರೋಗ್ಯ ವಿಮೆಯನ್ನು ಇದಕ್ಕಿಂತಲೂ ಮುಖ್ಯವೆಂದು ತಿಳಿಯಿರಿ. ಕಚೇರಿಯ ಸಾಮೂಹಿಕ ವಿಮೆ ಕೆಲಸದೊಡನೆ ಮುಗಿಯುತ್ತದೆ. ಹೊಸದಾಗಿ ಪಾಲಿಸಿ ಕೊಂಡರೆ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ಪರಿಹಾರವಿಲ್ಲ, ಮೊದಲೇ ಇರುವ ರೋಗಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಆದ್ದರಿಂದ ಕೆಲಸದಲ್ಲಿರುವಾಗಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಬಗ್ಗೆ ವಿಚಾರಿಸಿ, ಕುಟುಂಬದವರೆಲ್ಲರ ಹೆಸರೂ ಅದರಲ್ಲಿರುವಂತೆ ನೋಡಿಕೊಳ್ಳಿ.

ರಾಜೀನಾಮೆಯನ್ನು ಏಪ್ರಿಲ್‌ನಲ್ಲಿ ಕೊಟ್ಟರೆ ಮೂರು ತಿಂಗಳ ನೋಟಿಸು ಅವಧಿ ಕಳೆದು ಜುಲೈ ಕೊನೆಗೆ ಬಿಡುಗಡೆಯಾಗುತ್ತದೆ, ನಡಿಗೆಯ ಅಭ್ಯಾಸಕ್ಕೆ ಮೂರು ತಿಂಗಳು ಪೂರ್ತಿ ಸಿಗುತ್ತವೆ. ಪತ್ರ ಎರಡು ಸಾಲಿನಲ್ಲಿರಲಿ. ಕಾರಣ ಬರೆಯಬೇಕಾದ ಅಗತ್ಯವಿಲ್ಲ.

ಕಾಲು, ಮಳೆ ಮತ್ತು ಬಿಸಿಲು

ಅಭ್ಯಾಸವನ್ನು ಕೆಲಸದಲ್ಲಿರುವಾಗಲೇ ಆರಂಭಿಸಬೇಕು. ಬೆಳಿಗ್ಗೆ ದಿನಕ್ಕೆ 5 ಕಿ.ಮೀ., ಭಾನುವಾರ 12 ಕಿ.ಮೀ. ಎಂದು ತೊಡಗಿ, ವಾರದ ಒಟ್ಟು ದೂರವನ್ನು ನಿಧಾನವಾಗಿ ಏರಿಸುತ್ತ ಹೋಗಿ. ಶಿವಮೊಗ್ಗದವರಿಗೆ ತುಂಗಾ-ಭದ್ರೆಯರು ಕೂಡುವ ಕೂಡ್ಲಿ ಒಳ್ಳೆಯ ಗುರಿ. ಹೋಗಿ ಬಂದರೆ 30 ಕಿ.ಮೀ. ಆಗುತ್ತದೆ. ಮಲೆನಾಡಿನವರಾದ ನಾವು ಏರಿಳಿತಕ್ಕೆ ಹೆದರುವುದಿಲ್ಲ, ಆದರೆ ನೆರಳಿನಲ್ಲಿ ನಡೆದು ಪಳಗಿದವರು. ನರ್ಮದೆಯ ದಡದಲ್ಲಿ ಶೂಲಪಾಣಿಯ ಕಾಡು ಮತ್ತು ಅಮರಕಂಟಕದ ಸುತ್ತಲಿನ ಬೆಟ್ಟಗಳನ್ನು ಬಿಟ್ಟರೆ ಹೆಚ್ಚಿನದು ಬಯಲು, ಹೊಲದ ಬದು, ಡಾಂಬರು ರಸ್ತೆ. ಆಗುಂಬೆ, ಕೊಡಚಾದ್ರಿಗಳನ್ನು ಎಷ್ಟು ಹತ್ತಿದರೂ ಆ ಬಿಸಿಲಿಗೆ ಅದು ಸಾಲದು. ಆದ್ದರಿಂದ ಮಾರ್ಚ್, ಏಪ್ರಿಲ್‌ನಲ್ಲಿ ಹೊಳೆಹೊನ್ನೂರಿನ ಕಡೆಯ ಬಯಲು ರಸ್ತೆಯಲ್ಲಿ ಬೆಳಿಗ್ಗೆ ಹನ್ನೊಂದರವರೆಗೆ ನಡೆದು ದೇಹಕ್ಕೆ ಬಿಸಿಲಿನ ರೂಢಿ ಮಾಡಿಸಿ.

ಮಳೆಗಾಲದಲ್ಲಿ ಅಭ್ಯಾಸ ನಿಲ್ಲಿಸಬೇಡಿ, ಆದರೆ ಕಾಲನ್ನು ಒದ್ದೆಯಲ್ಲಿ ಬಿಡಬೇಡಿ. ಬೆರಳ ಸಂದಿಯ ಕೆಸರುಹುಣ್ಣು ಒಮ್ಮೆ ಹತ್ತಿದರೆ ಕಾರ್ತಿಕದವರೆಗೂ ಕಾಡುತ್ತದೆ. ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪು ನಮಗೆಲ್ಲ ಗೊತ್ತಿರುವುದೇ. ಮನೆಗೆ ಬಂದ ಕೂಡಲೇ ಕಾಲು ತೊಳೆದು, ಸಂದಿಸಂದಿಯನ್ನೂ ಒರೆಸಿ, ಒಲೆಯ ಬಿಸಿ ತಾಗಿಸಿ, ಮಲಗುವಾಗ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಬೂಟನ್ನು ಸಂಜೆಯ ಹೊತ್ತು, ಕಾಲು ಸ್ವಲ್ಪ ಊದಿಕೊಂಡಿರುವಾಗ, ನಿಮ್ಮ ಅಳತೆಗಿಂತ ಒಂದು ಅಂಕಿ ದೊಡ್ಡದನ್ನೇ ಕೊಳ್ಳಿ. ಹೊರಡುವ ದಿನಕ್ಕೆ ಆ ಬೂಟು ಕನಿಷ್ಠ 200 ಕಿ.ಮೀ. ನಡೆದಿರಬೇಕು. ಈ ನಡುವೆ ಹಲ್ಲಿನ ವೈದ್ಯರನ್ನೂ ಒಮ್ಮೆ ಕಂಡು ಬನ್ನಿ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಿ, ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ.

ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿದ ಮೇಲೆ, ಪೂರ್ತಿ ಹೊರೆಯೊಡನೆ ಐದಾರು ದಿನಗಳ ಪ್ರಯೋಗ ನಡಿಗೆಯನ್ನು ತಪ್ಪದೆ ಮಾಡಿ. ನಾನು ನಡೆದದ್ದು ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಗೆ. ಅಲ್ಲಿಂದ ತೀರ್ಥಹಳ್ಳಿ, ಮೇಗರವಳ್ಳಿ, ಆಗುಂಬೆಯ ಮೇಲೆ ಶೃಂಗೇರಿಗೆ. ಒಟ್ಟು ಸುಮಾರು 120 ಕಿ.ಮೀ. ಶಂಕರಾಚಾರ್ಯರು ಗುರು ಗೋವಿಂದ ಭಗವತ್ಪಾದರನ್ನು ಕಂಡದ್ದು ನರ್ಮದೆಯ ದಡದ ಓಂಕಾರೇಶ್ವರದಲ್ಲಿ ಎಂಬುದು ಪರಂಪರೆಯ ನಂಬಿಕೆಯಾದ್ದರಿಂದ, ಅವರ ಪೀಠವಿರುವ ತುಂಗೆಯ ದಡದಲ್ಲಿ ಕೈಮುಗಿದು ಅಲ್ಲಿಗೆ ಹೊರಡಬೇಕೆಂದು ನನಗೆ ಆಸೆಯಿತ್ತು. ಮೊದಲ ದಿನ ಗಾಜನೂರಿನ ಹತ್ತಿರವೇ ಎಡ ಹಿಮ್ಮಡಿ ಬಿಸಿಯಾಗಿ ಉಜ್ಜಿದಂತಾಯಿತು. ನಿಂತು ಬೂಟು ಬಿಚ್ಚಿದ್ದರೆ ಕುಂಕುಮದ ಬೊಟ್ಟಿನಷ್ಟು ಕೆಂಪು ಕಾಣುತ್ತಿತ್ತು, ಅದರ ಮೇಲೊಂದು ತುಂಡು ಟೇಪು ಅಂಟಿಸಿದ್ದರೆ ಸಾಕಿತ್ತು. ನಾನು ನಿಲ್ಲಲಿಲ್ಲ. ಮಂಡಗದ್ದೆಯಲ್ಲಿ ಒಂದು ಮನೆಯ ಜಗಲಿಯಲ್ಲಿ ಕಾಲ್ಚೀಲ ತೆಗೆದಾಗ ಅಡಿಕೆಯ ಗಾತ್ರದ ಬೊಕ್ಕೆ ಎದ್ದಿತ್ತು, ಕಾಲ್ಚೀಲದ ಎಳೆಗಳು ಅದರ ಚರ್ಮಕ್ಕೆ ಅಂಟಿಕೊಂಡಿದ್ದವು. ಆ ಬೊಕ್ಕೆಯಿಂದಾಗಿ ಮರುದಿನ ಪೂರ್ತಿ ಅಲ್ಲೇ ಉಳಿಯಬೇಕಾಯಿತು. ಬೊಕ್ಕೆಯ ಚರ್ಮವನ್ನು ಕೀಳಬಾರದು. ಒಡೆದಿದ್ದರೆ ಶುಚಿ ಮಾಡಿ, ಮುಲಾಮು ಹಚ್ಚಿ, ಬಟ್ಟೆ ಕಟ್ಟಬೇಕು. ಅದಕ್ಕಿಂತ ಮುಖ್ಯವಾದುದು, ಬಿಸಿ ತಾಗಿದೊಡನೆ ನಿಲ್ಲುವ ಅಭ್ಯಾಸ.

ಚೀಲದ ತೂಕ ನಿಮ್ಮ ದೇಹದ ತೂಕದ ಹತ್ತರಲ್ಲೊಂದು ಭಾಗವನ್ನು ಮೀರಬಾರದು. ನನ್ನ ಚೀಲವನ್ನು ಪರಿಚಯದ ಅಡಿಕೆ ಮಂಡಿಯ ತೂಕದ ಯಂತ್ರದ ಮೇಲೆ ಇಟ್ಟಾಗ 11 ಕೆ.ಜಿ. 400 ಗ್ರಾಂ ತೋರಿಸಿತು. ಮೂರನೆಯ ಜೊತೆ ಬಟ್ಟೆ, ಎರಡು ಪುಸ್ತಕ, ಸ್ಟೀಲಿನ ಡಬ್ಬಿ, ಅರ್ಧ ಕೆ.ಜಿ. ಔಷಧಿ ಹೀಗೆ ಒಂದೊಂದನ್ನೇ ತೆಗೆಯುತ್ತ, ಪ್ರತಿ ಸಲವೂ ಅಂಕಿ ನೋಡುತ್ತ, 6 ಕೆ.ಜಿ. 200 ಗ್ರಾಂಗೆ ಇಳಿಸಿದೆ. ಉಳಿದದ್ದು ಎರಡು ಜೊತೆ ಬಟ್ಟೆ, ಮೂರು ಜೊತೆ ಕಾಲ್ಚೀಲ, ಉಣ್ಣೆಯ ಶಾಲು, ತೆಳು ಹಾಸಿಗೆ, ತಟ್ಟೆ-ಲೋಟ, ಟಾರ್ಚು, ಟೇಪು ಮತ್ತು ಮುಲಾಮು, ಓಆರ್‌ಎಸ್, ಆಧಾರ್ ಪ್ರತಿ, ನರ್ಮದಾಜಲಕ್ಕೊಂದು ಸಣ್ಣ ಬಾಟಲಿ. ಅಮರಕಂಟಕ ಸಾವಿರ ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ರಾತ್ರಿಗೆ ಶಾಲು ಬೇಕೇ ಬೇಕು. ಕೈಯಲ್ಲೊಂದು ಬಿದಿರಿನ ಕೋಲು ಇರಲಿ, ಅದು ಇಳಿಜಾರಿಗೂ ನಾಯಿಗೂ ಆಗುತ್ತದೆ.

ಊಟ ಮತ್ತು ಭಿಕ್ಷೆ

ಮೂರು ಹೊತ್ತೂ ಅನ್ನ, ಗಂಜಿ, ಕಡುಬು ಉಂಡ ಹೊಟ್ಟೆಗೆ ಅಲ್ಲಿನ ಗೋಧಿಯ ದಪ್ಪ ರೊಟ್ಟಿಯಾದ ಟಿಕ್ಕಡ್ ಮತ್ತು ಬೇಳೆ ಮೊದಲ ವಾರ ಭಾರವೆನಿಸುತ್ತದೆ. ಹೊರಡುವ ಎರಡು ತಿಂಗಳ ಮುನ್ನವೇ ರಾತ್ರಿ ಊಟಕ್ಕೆ ರೊಟ್ಟಿ ರೂಢಿಸಿಕೊಳ್ಳಿ. ಆಶ್ರಮಗಳಲ್ಲಿ ಸಿದ್ಧ ಊಟ ಸಿಗದ ಕಡೆ ಸದಾವ್ರತವೆಂದು ಹಿಟ್ಟು, ಬೇಳೆ, ಅಕ್ಕಿ ಕೊಡುತ್ತಾರೆ, ನೀವೇ ಬೇಯಿಸಿಕೊಳ್ಳಬೇಕು. ಕೆಲಸಕ್ಕೆ ಬರುವಷ್ಟು ಹಿಂದಿ ಕಲಿತಿರಬೇಕು. ಆಶ್ರಮದ ಬಾಗಿಲಲ್ಲಿ ‘ಎಷ್ಟು ಮೂರ್ತಿ’ ಎಂದು ಕೇಳಿದರೆ, ಎಷ್ಟು ಜನ ಬಂದಿದ್ದೀರಿ ಎಂದು ಅರ್ಥ. ‘ನರ್ಮದೇ ಹರ್’ ಎಂಬ ನಮಸ್ಕಾರವೊಂದು ಎಲ್ಲ ಕಡೆಯೂ ನಡೆಯುತ್ತದೆ.

ನನಗೆ ಕಷ್ಟವಾದದ್ದು ಭಾಷೆಯಲ್ಲ, ಕೈಚಾಚುವುದು. ನಮ್ಮದು ಬಂದವರಿಗೆ ಬೆಲ್ಲ, ನೀರು ಕೊಟ್ಟು ಕೂರಿಸುವ ಮನೆ. ಇನ್ನೊಬ್ಬರ ಬಾಗಿಲಲ್ಲಿ ನಿಂತು ಕೇಳಿದ ಅಭ್ಯಾಸ ನನಗಿರಲಿಲ್ಲ. ಪ್ರಯೋಗ ನಡಿಗೆಯಲ್ಲಿ ಮೇಗರವಳ್ಳಿಯ ಆಚೆ ಒಂದು ಮನೆಯ ಅಂಗಳದಲ್ಲಿ ನಿಂತು ನೀರು ಕೇಳಿದೆ. ಒಳಗಿನಿಂದ ಬಂದ ವೃದ್ಧೆ ನನ್ನ ಕಾಲು ನೋಡಿ, “ಊಟದ ಹೊತ್ತಲ್ವಾ, ಒಳಗೆ ಬನ್ನಿ, ಎಲೆ ಹಾಕ್ತೇನೆ” ಎಂದರು. ಉಂಡೆದ್ದು ನಾನು ಜೇಬಿಗೆ ಕೈಹಾಕಿದ್ದನ್ನು ಕಂಡು, “ದುಡ್ಡು ಒಳಗಿಡಿ ಮಾರಾಯ್ರೆ, ಇದು ಹೋಟ್ಲಲ್ಲ” ಎಂದರು. ಆ ದಿನ ಸಂಕೋಚದಿಂದ ನನ್ನ ಮುಖ ಬಿಸಿಯಾದದ್ದು ನೆನಪಿದೆ. ಮನೆಯ ಹತ್ತಿರವೇ, ಕನ್ನಡದಲ್ಲಿಯೇ, ಇದನ್ನು ನಾಲ್ಕೈದು ಬಾರಿ ಅಭ್ಯಾಸ ಮಾಡಿ. ಹಣ ಕೊಟ್ಟು ಕೊಳ್ಳುವುದಕ್ಕೆ ಹದಿನೆಂಟು ವರ್ಷ ಸಂಬಳ ಎಣಿಸಿದ ಕೈ, ಕೊಟ್ಟದ್ದನ್ನು ಸುಮ್ಮನೆ ತೆಗೆದುಕೊಳ್ಳುವುದಕ್ಕೆ ಸಮಯ ಬೇಡುತ್ತದೆ.

ನಾನು ಹೇಳುತ್ತಿರುವ ಪರಿಕ್ರಮ ಆರಂಭವಾಗುವ ಓಂಕಾರೇಶ್ವರಕ್ಕೆ, ಖಂಡ್ವಾದವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ಸಿನಲ್ಲಿ ತಲುಪಬಹುದು. ಮರಳಿ ಬರುವ ಖರ್ಚನ್ನು ಖಾತೆಯಲ್ಲಿ ಬೇರೆಯಾಗಿಯೇ ಇಟ್ಟಿರಿ. ಮನೆಯವರೊಡನೆ ಫೋನಿಗೆ ವಾರದ ಒಂದು ದಿನ ಗೊತ್ತುಮಾಡಿಕೊಳ್ಳಿ, ಕರೆ ಬಾರದಿದ್ದರೆ ಎಷ್ಟು ದಿನ ಕಾದು ವಿಚಾರಿಸಬೇಕೆಂಬುದನ್ನೂ ಮೊದಲೇ ಹೇಳಿಡಿ. ತಲುಪಿದ ಮೇಲೆ ಒಂದು ದಿನ ವಿಶ್ರಾಂತಿ ಪಡೆದು, ಕ್ಷೌರ ಮತ್ತು ಸ್ನಾನ ಮುಗಿಸಿ, ಸಂಕಲ್ಪ ಮಾಡಿ, ಬಾಟಲಿಗೆ ಜಲ ತುಂಬಿಕೊಳ್ಳಿ. ದಕ್ಷಿಣ ದಡದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದರೆ ನದಿ ಬಲಗಡೆಗೆ ಬರುತ್ತದೆ. ಮೊದಲ ದಿನ ಉತ್ಸಾಹ ಎಷ್ಟೇ ಇದ್ದರೂ 8 ಕಿ.ಮೀ.ಗಿಂತ ಹೆಚ್ಚು ನಡೆಯಬೇಡಿ. ಸಂಜೆ ಆಶ್ರಮ ತಲುಪಿದೊಡನೆ, ಚಹಾ ಕುಡಿಯುವುದಕ್ಕೂ ಮೊದಲು, ಕಾಲ್ಚೀಲ ತೆಗೆದು ಎರಡೂ ಹಿಮ್ಮಡಿಗಳನ್ನು ಟಾರ್ಚಿನ ಬೆಳಕಿನಲ್ಲಿ ನೋಡಿಕೊಳ್ಳಿ.