ಮುದ್ದೆ ಕೋಲು ಕೈಬಿಟ್ಟ ಮೇಲೆ

ನಂಗೆ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನೋ ಕೀಲುಬೇನೆ ಇದೆ ಅಂತ ಗೊತ್ತಾಗಿದ್ದು 2017ರಲ್ಲಿ, ಆಗ ನಂಗೆ 38. ತಿಪಟೂರು ಕಡೆ ಒಂದು ಸರ್ಕಾರಿ ಪ್ರೈಮರಿ ಸ್ಕೂಲಲ್ಲಿ ಟೀಚರ್ ನಾನು. ಬೆಳಿಗ್ಗೆ ಎದ್ರೆ ಎರಡೂ ಕೈ ಬೆರಳು ಮಡಚಕ್ಕೆ ಆಗ್ತಿರ್ಲಿಲ್ಲ, ಬಳೆ ಏರ್ತಿರ್ಲಿಲ್ಲ, ಹತ್ತು ಗಂಟೆ ಹೊತ್ತಿಗೆ ತಾನೇ ಸಡಿಲ ಆಗೋದು, ಹಾಗಾಗಿ ನೋವು ಅಂದ್ರೆ ಯಾರೂ ನಂಬ್ತಿರ್ಲಿಲ್ಲ. ಅತ್ತೆ ವಾಯು ಅಂತ ಆಲೂಗಡ್ಡೆ, ಬದನೆಕಾಯಿ ಬಿಡಿಸಿದ್ರು. ಆರು ತಿಂಗಳು ಎಣ್ಣೆ ಹಚ್ಕೊಂಡೇ ಕಳೆದೆ. ಆಮೇಲೆ ಬೆಂಗಳೂರಲ್ಲಿ ಈ ಕಾಯಿಲೆಗೆ ಮಾಡೋ ರಕ್ತದ ಟೆಸ್ಟು, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಎರಡೂ ಪಾಸಿಟಿವ್ ಬಂತು. ದೇಹದ ರಕ್ಷಣೆಗೆ ಇರೋ ಶಕ್ತಿನೇ ತಿರುಗಿ ಕೀಲಿನ ಒಳಪದರದ ಮೇಲೆ ಬೀಳುತ್ತಮ್ಮಾ, ಪೂರ್ತಿ ವಾಸಿ ಆಗಲ್ಲ, ಆದ್ರೆ ಹಿಡಿತದಲ್ಲಿ ಇಡಬಹುದು ಅಂದ್ರು ಡಾಕ್ಟ್ರು. ನಾನು ಕೇಳಿಸ್ಕೊಂಡಿದ್ದು ವಾಸಿ ಆಗಲ್ಲ ಅನ್ನೋದೊಂದೇ.

ಮೆಥೊಟ್ರೆಕ್ಸೇಟ್ ಅನ್ನೋ ಮಾತ್ರೆ ಕೊಟ್ರು, ವಾರಕ್ಕೆ ಒಂದೇ ದಿನ, ಬೇರೆ ದಿನ ಫೋಲಿಕ್ ಆಸಿಡ್ ಅನ್ನೋ ವಿಟಮಿನ್ ಮಾತ್ರೆ. ಮೆಥೊಟ್ರೆಕ್ಸೇಟ್ ತಪ್ಪಿ ದಿನಾ ತಗೊಂಡ್ರೆ ಜೀವಕ್ಕೇ ಅಪಾಯ, ಅದಕ್ಕೆ ಕ್ಯಾಲೆಂಡರ್‌ನಲ್ಲಿ ಶನಿವಾರಕ್ಕೆಲ್ಲ ಕೆಂಪು ಸುತ್ತು ಹಾಕಿದೀನಿ. ಶನಿವಾರ ರಾತ್ರಿನೇ ಯಾಕೆ ಅಂದ್ರೆ ಮಾರನೇ ದಿನ ಹೊಟ್ಟೆ ತೊಳಸತ್ತೆ, ಸುಸ್ತು, ಭಾನುವಾರ ಮಲಗಿದ್ರೆ ಸೋಮವಾರ ಸ್ಕೂಲಿಗೆ ಹೋಗಬಹುದು. ಕೆಲಸ ಮಾಡಕ್ಕೆ ಶುರುವಾಗಕ್ಕೇ ಎರಡು ತಿಂಗಳ ಮೇಲೆ ಬೇಕಾಯ್ತು. ನೋವು ಇಳೀತು. ಅಷ್ಟೊತ್ತಿಗೆ ಯಾರೋ ಇದು ಕ್ಯಾನ್ಸರ್ ಮಾತ್ರೆ ಕಣೇ ಅಂದ್ರು (ಕ್ಯಾನ್ಸರ್‌ಗೆ ಇದನ್ನೇ ಕೊಡ್ತಾರೆ ನಿಜ, ಆದ್ರೆ ಡೋಸ್ ಬಹಳ ಜಾಸ್ತಿ, ಇದಕ್ಕೆ ಕೊಡೋದು ಸಣ್ಣ ಡೋಸು), ನಂಗೂ ಹುಷಾರಾಯ್ತಲ್ಲ ಅನ್ನಿಸಿ ಯಾರಿಗೂ ಹೇಳದೆ ನಿಲ್ಲಿಸ್ಬಿಟ್ಟೆ.

ಮೂರು ತಿಂಗಳಿಗೆ ಮೊಣಕಾಲು, ಮಣಿಕಟ್ಟು ಎಲ್ಲಾ ಊದ್ಕೊಂತು. ಮಗಳು ನಂಗೆ ಜಡೆ ಹಾಕೋಳು, ರವಿಕೆ ಹುಕ್ ಹಾಕೋಳು, ಅವಳಿಗಾಗ ಹನ್ನೊಂದು ವರ್ಷ. ಎಡಗೈ ಉಂಗುರದ ಬೆರಳು ಆಗ ಸೊಟ್ಟ ಆಗಿದ್ದು ಇವತ್ತಿಗೂ ನೆಟ್ಟಗಾಗಿಲ್ಲ. ಹುಷಾರಾದ ಹಾಗೆ ಅನ್ಸಿದ್ದು ಮಾತ್ರೆಯಿಂದಲೇ ಅಂತ ಆ ಬೆರಳು ನೋಡಿದಾಗೆಲ್ಲ ನೆನಪಾಗತ್ತೆ. ನೀವ್ಯಾರೂ ಡಾಕ್ಟ್ರನ್ನ ಕೇಳದೆ ನಿಲ್ಲಿಸ್ಬೇಡಿ, ಕೈ ಮುಗಿದು ಹೇಳ್ತೀನಿ. ಲಿವರ್ ಟೆಸ್ಟು, ರಕ್ತದ ಟೆಸ್ಟು ಮೂರು ತಿಂಗಳಿಗೊಮ್ಮೆ ಈಗ ತಪ್ಪಿಸಲ್ಲ.

ಆಮೇಲೆ ನಾನು ಮಾಡಿದ್ದು ಕೈ ಹೇಳಿದ ಟೈಮಿಗೆ ದಿನ ಹೊಂದಿಸ್ಕೊಂಡಿದ್ದು. ಶನಿವಾರದ ಮಾರ್ನಿಂಗ್ ಕ್ಲಾಸೇ ದೊಡ್ಡ ಕಷ್ಟ, ಕೈಕಾಲು ಸಡಿಲ ಆಗಕ್ಕೆ ಎರಡು ಗಂಟೆ ಬೇಕು, ಅದಕ್ಕೆ ಅವತ್ತು ನಾಲ್ಕೂವರೆಗೆ ಎದ್ದು ಬಿಸಿನೀರಲ್ಲಿ ಕೈ ಅದ್ದಿ ಕೂತಿರ್ತೀನಿ. ನಲಿಕಲಿ ಕ್ಲಾಸಿನ ಸಣ್ಣ ಮಕ್ಕಳ ಜೊತೆ ನೆಲದ ಮೇಲೆ ಕೂತ್ರೆ ಏಳಕ್ಕಾಗ್ತಿರ್ಲಿಲ್ಲ. ಹೆಡ್ ಮಿಸ್ ಹತ್ರ ಕುರ್ಚಿ ಕೇಳಕ್ಕೆ ಒಂದು ವರ್ಷ ನಾಚಿಕೆಪಟ್ಟೆ, ಕೇಳಿದ ದಿನ ಅವರೇ ತಂದು ಹಾಕಿದ್ರು.

ಮನೇಲಿ ಮುದ್ದೆ ಮಾತ್ರ ಬಿಟ್ಟುಕೊಡಕ್ಕೆ ಮನಸ್ಸು ಬರ್ಲಿಲ್ಲ. ತೊಳಸೋವಾಗ ಮಣಿಕಟ್ಟಿಗೆ ಚಾಕು ಹಾಕ್ದಂಗಾಗೋದು, ಆದ್ರೂ ಮುದ್ದೆ ಮಾಡಕ್ಕಾಗದೋಳು ಅನ್ನಿಸ್ಕೊಬಾರ್ದು ಅಂತ ಹಲ್ಲು ಕಚ್ಕೊಂಡು ಮಾಡ್ತಿದ್ದೆ. ಒಂದು ರಾತ್ರಿ ಕೋಲು ಕೈಜಾರಿ ಬಿಸಿ ಹಿಟ್ಟು ಕಾಲ ಮೇಲೆ ಬಿತ್ತು. ನಮ್ಮನೆಯವರು ಏನೂ ಮಾತಾಡದೆ ಕಾಲಿಗೆ ನೀರು ಹುಯ್ದು, ಕೂರಿಸಿ, ಮಿಕ್ಕಿದ ಹಿಟ್ಟು ತಾವೇ ತೊಳಸಿದ್ರು. ಬರೀ ಗಂಟು. ಅತ್ತೆ ಗಂಟು ಗಂಟಾಗೇ ಉಂಡ್ರು, ಒಂದು ಮಾತು ಆಡ್ಲಿಲ್ಲ. ಆವತ್ತು ರಾತ್ರಿ ನಾನು ತುಂಬಾ ಅತ್ತುಬಿಟ್ಟೆ, ಆದ್ರೆ ಮಾರನೇ ದಿನದಿಂದ ಕೋಲು ಮುಟ್ಟಲಿಲ್ಲ. ಈಗ ನಮ್ಮನೆಯವರ ಮುದ್ದೇಲಿ ಒಂದು ಗಂಟೂ ಇರಲ್ಲ. ಉಳಿದ ಶಕ್ತೀಲಿ ನಾನು ಬೋರ್ಡ್ ಮೇಲೆ ಅ ಆ ಇ ಈ ಬರೀತೀನಿ, ಆ ಅಕ್ಷರ ಇನ್ನೂ ದುಂಡಗೇ ಬರತ್ತೆ.

ರಂಗೋಲಿ ಮಾತ್ರ ಇನ್ನೂ ಒಪ್ಕೊಳ್ಳಕ್ಕಾಗಿಲ್ಲ. ಹೋದ ಸಂಕ್ರಾಂತೀಲಿ ಹದಿನೈದು ಚುಕ್ಕಿ ಇಟ್ಟೆ, ಗೆರೆ ಎಳೆಯಕ್ಕೆ ಹೋದ್ರೆ ಎರಡು ಬೆರಳ ಮಧ್ಯೆ ಪುಡಿ ನಿಲ್ಲಲೇ ಇಲ್ಲ. ಮಗಳು ಎಳೀತೀನಿ ಕೊಡಮ್ಮ ಅಂದ್ಲು, ಬೇಡ ಅಂದೆ. ಸಂಜೆವರೆಗೂ ಅಂಗಳದಲ್ಲಿ ಬರೀ ಚುಕ್ಕಿ ಇತ್ತು.