ಇಡೀ ರಾತ್ರಿಯ ಆಟ, 4 ಜಿಬಿಯ ವೇವ್: ಆಡಿಯೋ ಫೈಲುಗಳ ಜತೆ ನನ್ನ ಅನುಭವ

ಉಡುಪಿ ಸುತ್ತಮುತ್ತಲಿನ ಬಯಲಾಟಗಳ ರೆಕಾರ್ಡಿಂಗ್ ಜೋಪಾನ ಮಾಡುವಾಗ ನಾನು ಎಕ್ಸ್‌ಟೆನ್ಶನ್ (ಫೈಲಿನ ಹೆಸರಿನ ಕೊನೆಯ ಅಕ್ಷರಗಳು) ನೋಡಿ ಏನನ್ನೂ ನಿರ್ಧರಿಸುವುದಿಲ್ಲ. ಎಂ4ಎ ಅಂದರೆ ಎಂಪಿ4 ಕಂಟೇನರ್, ಅಂದರೆ ದನಿಯನ್ನು ತುಂಬಿಡುವ ಡಬ್ಬಿ, ಅಷ್ಟೆ. ಒಳಗೆ ದನಿಯ ಕೆಲ ಅಂಶ ಬಿಟ್ಟು ಕುಗ್ಗಿಸುವ ಎಎಸಿ ಇರಬಹುದು, ಗುಣಮಟ್ಟ ಸ್ವಲ್ಪವೂ ಕಳೆಯದ ಎಎಲ್‌ಎಸಿಯೂ ಇರಬಹುದು. ಮೀಡಿಯಾಇನ್ಫೋ ಎಂಬ ತಂತ್ರಾಂಶದಲ್ಲಿ ತೆರೆದರೆ ಕಂಟೇನರ್, ಕೋಡೆಕ್ (ದನಿಯನ್ನು ಕುಗ್ಗಿಸಿದ ವಿಧಾನ) ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಹೆಸರಿನ ಕೊನೆ ತಿದ್ದಿದರೆ ಒಳಗಿನದು ಬದಲಾಗುವುದಿಲ್ಲ.

ದೊಡ್ಡ ತೊಂದರೆ ದನಿಯನ್ನು ಸಾಮಾನ್ಯವಾಗಿ ಕುಗ್ಗಿಸದೆ ಇಡುವ ವೇವ್‌ನದ್ದು. ಅದರ ಹೆಡರ್‌ನಲ್ಲಿ (ಫೈಲಿನ ವಿವರವಿರುವ ಮೊದಲ ಭಾಗ) ಫೈಲಿನ ಗಾತ್ರ ಬರೆಯಲು ಇರುವುದು 4 ಬೈಟ್ ಮಾತ್ರ, ಹಾಗಾಗಿ 4 ಜಿಬಿ ದಾಟುವಂತಿಲ್ಲ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಆದರೆ ಸೆಕೆಂಡಿಗೆ 2,88,000 ಬೈಟ್; 4 ಗಂಟೆ 8 ನಿಮಿಷಕ್ಕೆ ಮಿತಿ ಮುಗಿಯಿತು. ಬೆಳಗಿನವರೆಗಿನ ಆಟಕ್ಕೆ ಇದು ಸಾಲದು. ರೆಕಾರ್ಡರ್‌ನಲ್ಲಿ ಈ ಮಿತಿಯಿಲ್ಲದ ವೇವ್ ರೂಪವಾದ ಆರ್‌ಎಫ್64 ಇದ್ದರೆ ಅದನ್ನೇ ಆರಿಸಿ, ಮೆಮೊರಿ ಕಾರ್ಡನ್ನು ಎಕ್ಸ್‌ಫ್ಯಾಟ್ ಎಂಬ ವಿಧಾನಕ್ಕೆ ಫಾರ್ಮ್ಯಾಟ್ ಮಾಡಿ; ಹಳೆಯ ಫ್ಯಾಟ್32 ವಿಧಾನದಲ್ಲೂ ಒಂದು ಫೈಲಿಗೆ 4 ಜಿಬಿಯದೇ ಮಿತಿ. ಇಲ್ಲದಿದ್ದರೆ ಪ್ರಸಂಗದ ನಡುವೆ ಬಿಡುವು ನೋಡಿ ಹೊಸ ಫೈಲು ಶುರು ಮಾಡಿ.

ಹೆಡರ್ ಕೆಟ್ಟ ವೇವ್‌ನಲ್ಲಿ ದನಿ ಹಾಗೇ ಉಳಿದಿರುತ್ತದೆ. ದನಿ ತಿದ್ದುವ ತಂತ್ರಾಂಶ ಅಡಾಸಿಟಿಯ ರಾ ಡೇಟಾ ಇಂಪೋರ್ಟ್‌ನಲ್ಲಿ 24 ಬಿಟ್ ಪಿಸಿಎಂ (ಕುಗ್ಗಿಸದ ದನಿ), ಲಿಟಲ್ ಎಂಡಿಯನ್ (ಬೈಟ್‌ಗಳ ಕ್ರಮ), 2 ಚಾನೆಲ್, 48000 ಕೊಟ್ಟು, ಮೊದಲ 44 ಬೈಟ್ ಬಿಟ್ಟು ತೆರೆಯಿರಿ. ಬರೀ ಕರ್ಕಶ ಸದ್ದು ಬಂದರೆ ಹೆಡರ್ ಉದ್ದವಿದೆ ಎಂದರ್ಥ: ಒಂದು ಸ್ಯಾಂಪಲ್ (ದನಿಯ ಒಂದು ಅಳತೆ) 3 ಬೈಟ್ ಆದ್ದರಿಂದ ಒಂದು ಬೈಟ್ ತಪ್ಪಿದರೂ ಎಲ್ಲ ಕಲಸಿಹೋಗುತ್ತದೆ. ಒಂದೊಂದೇ ಬೈಟ್ ಹೆಚ್ಚಿಸುತ್ತ ಹೋಗಿ. ದನಿ ಸರಿಯಾಗಿದ್ದು ಎಡಬಲ ಅದಲುಬದಲಾಗಿದ್ದರೆ ಇನ್ನು 3 ಬೈಟ್ ಸರಿಸಿದರಾಯಿತು.

ಎಂ4ಎ ಇಷ್ಟು ಸುಲಭವಾಗಿ ಬದುಕುವುದಿಲ್ಲ. ಯಾವ ತುಣುಕು ಎಲ್ಲಿದೆ ಎಂಬ ಪಟ್ಟಿಯನ್ನು ಫೋನು ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದಾಗಲೇ ಬರೆಯುವುದು. ನಡುವೆ ಬ್ಯಾಟರಿ ಸತ್ತರೆ ಫೈಲು ತೆರೆಯುವುದೇ ಇಲ್ಲ. ಅದೇ ಫೋನಿನ, ಅದೇ ಸೆಟ್ಟಿಂಗ್‌ನ ಸರಿಯಾದ ಫೈಲು ಇದ್ದರೆ ಅದನ್ನು ಮಾದರಿಯಾಗಿ ಕೊಟ್ಟು ಅನ್‌ಟ್ರಂಕ್ ಎಂಬ ದುರಸ್ತಿ ತಂತ್ರಾಂಶದಿಂದ ಪ್ರಯತ್ನಿಸಬಹುದು.

ವಿಡಿಯೋದಿಂದ ಹಾಡು ಬೇರ್ಪಡಿಸುವಾಗ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ ಕಾಪಿ ಆಯ್ಕೆ ಬಳಸಿ, ಎಎಸಿಯನ್ನು ಇದ್ದ ಹಾಗೇ ಎಂ4ಎಗೆ ಇಳಿಸುತ್ತೇನೆ. ಎಂಪಿ3ಗೆ ತಿರುಗಿಸಿದರೆ ಇನ್ನೊಮ್ಮೆ ನಷ್ಟ. ಬಿಟ್‌ರೇಟ್ (ಒಂದು ಸೆಕೆಂಡಿನ ದನಿಗೆ ಬಳಸುವ ಬಿಟ್‌ಗಳು) ಕಡಿಮೆಯಾದಷ್ಟೂ ಚೆಂಡೆಯ ಪೆಟ್ಟಿಗೆ ಮುಂಚೆಯೇ ಸರ್ ಎನ್ನುವ ಸದ್ದು ಕೇಳಿಸುತ್ತದೆ, ಪೆಟ್ಟಿನ ಹರಿತ ಹೋಗುತ್ತದೆ. ಭಾಗವತರ ಪದಕ್ಕಿಂತ ಚೆಂಡೆಯಲ್ಲೇ ಈ ದೋಷ ಬೇಗ ಸಿಕ್ಕಿಬೀಳುವುದು.

ಮೂಲ ವೇವ್ ಆದರೆ ಇಡುವುದು ಗುಣಮಟ್ಟ ಕಳೆಯದೆ ಕುಗ್ಗಿಸುವ ಫ್ಲ್ಯಾಕ್‌ನಲ್ಲಿ. ಕುಗ್ಗಿಸುವ ಯಾವ ಲೆವೆಲ್ ಆರಿಸಿದರೂ ದನಿ ಒಂದೇ, ಬದಲಾಗುವುದು ಗಾತ್ರ ಮತ್ತು ಸಮಯ. ಕಾರಿನ ಪೆನ್‌ಡ್ರೈವಿಗೆ ಎಂಪಿ3 ಕೇಳಿದವರಿಗೂ ಆ ಫ್ಲ್ಯಾಕ್‌ನಿಂದಲೇ 192 ಕೆಬಿಪಿಎಸ್‌ನಲ್ಲಿ ಮಾಡಿಕೊಡುತ್ತೇನೆ.